ಬೆನ್ನಿನ ನೀರು ತೆಗೆಸಲು ಹೆದರಿ ಕಳೆದ ಮೂರು ದಿನ

ಎರಡು ವರ್ಷದ ಹಿಂದೆ ನನ್ನ ಅಕ್ಕನ ಮಗಳನ್ನು ಹಾಸ್ಟೆಲ್‌ನಿಂದ ಮನೆಗೆ ಕರೆತಂದಾಗ ಅವಳಿಗೆ ಇದ್ದದ್ದು ತಲೆನೋವು ಮತ್ತು ಸಣ್ಣ ಜ್ವರ. ವಾರದೊಳಗೆ ನಿದ್ದೆ ಬಿಟ್ಟಳು. ಅನ್ನದಲ್ಲಿ ಏನೋ ಬೆರೆಸಿದ್ದೀರಿ ಎಂದು ತಟ್ಟೆ ತಳ್ಳಿದಳು. ಆಮೇಲೆ ಮಾತೇ ನಿಂತಿತು. ಬಾಯಿ ಮಾತ್ರ ಏನನ್ನೋ ಅಗಿಯುವಂತೆ ಆಡುತ್ತಲೇ ಇತ್ತು. ಗಾಳಿ ಸೋಕಿದೆ ಎಂದರು, ತಾಯತ ಕಟ್ಟಿಸಿದೆವು. ಮೊದಲ ಆಸ್ಪತ್ರೆಯಲ್ಲಿ ಓದಿನ ಒತ್ತಡ ಎಂದು ಮಾತ್ರೆ ಕೊಟ್ಟರು, ಮೈ ಸೆಟೆದುಕೊಂಡಿತು.

ಫಿಟ್ಸ್ ಬಂದ ಮೇಲೆ ಇನ್ನೊಂದು ಆಸ್ಪತ್ರೆಗೆ ಓಡಿದೆವು. ಎಂಆರ್‌ಐಯಲ್ಲಿ ಏನೂ ಕಾಣಲಿಲ್ಲ. ಅಲ್ಲಿನ ನರರೋಗ ವೈದ್ಯೆ ಅವಳ ಬಾಯಿಯನ್ನೇ ಬಹಳ ಹೊತ್ತು ನೋಡಿ, "ಬೆನ್ನಿನ ನೀರು ಪರೀಕ್ಷೆ ಮಾಡಬೇಕು, ಸಹಿ ಹಾಕಿ" ಎಂದರು. ಅಕ್ಕ ಹಾಕಲಿಲ್ಲ. "ಬೆನ್ನಿನ ನೀರು ತೆಗೆದರೆ ಸೊಂಟ ಬಿದ್ದುಹೋಗುತ್ತದೆ, ಮದುವೆಯಾಗಬೇಕಾದ ಹುಡುಗಿ" ಎಂದು ನೆಂಟರು ಒಬ್ಬೊಬ್ಬರಾಗಿ ಫೋನಿನಲ್ಲಿ ಹೇಳಿದ್ದರು. ಓದಿಕೊಂಡ ನಾನೂ ಬಾಯಿ ಬಿಡಲಿಲ್ಲ. ಮೂರು ದಿನ ಹೋಯಿತು.

ಆಗ ಗೊತ್ತಿಲ್ಲದ್ದನ್ನು ಈಗ ಹೇಳುತ್ತೇನೆ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿದುಹೋಗುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ಮಿದುಳು, ಬೆನ್ನುಹುರಿಯ ಸುತ್ತ ಇರುವ ಈ ನೀರು ಸುಮಾರು 150 ಮಿ.ಲೀ.; ದೇಹ ದಿನಕ್ಕೆ 500 ಮಿ.ಲೀ.ಯಷ್ಟು ಹೊಸದಾಗಿ ತಯಾರಿಸುತ್ತದೆ. ತೆಗೆಯುವುದು ಒಂದೆರಡು ಚಮಚ. ಕೆಲವರಿಗೆ ಕೆಲವು ದಿನ ತಲೆನೋವು ಬರಬಹುದು, ನಮ್ಮ ಹುಡುಗಿಗೂ ಬಂತು. ಸೊಂಟ ಬೀಳಲಿಲ್ಲ.

ರಕ್ತ ಪರೀಕ್ಷೆ ಸಾಲದೇ ಎಂದು ನಾವೂ ಕೇಳಿದ್ದೆವು. ಅವಳಿಗೆ ಬಂದದ್ದು ಮಿದುಳಿನ ಒಂದು ಬಗೆಯ ಉರಿಯೂತ; ದೇಹದ ರೋಗನಿರೋಧಕ ಪ್ರೋಟೀನುಗಳೇ, ಅಂದರೆ ಪ್ರತಿಕಾಯಗಳೇ, ಅದಕ್ಕೆ ಕಾರಣ. 2014ರಲ್ಲಿ ಪ್ರಕಟವಾದ, ಇದೇ ರೋಗದ 250 ರೋಗಿಗಳ ಅಧ್ಯಯನದಲ್ಲಿ ಬೆನ್ನಿನ ನೀರಿನಲ್ಲಿ ಎಲ್ಲರಿಗೂ ಆ ಪ್ರತಿಕಾಯ ಸಿಕ್ಕಿತು. ರಕ್ತದಲ್ಲಿ ಸುಮಾರು ಶೇ 14 ಮಂದಿಗೆ ಸಿಗಲೇ ಇಲ್ಲ.

ಈ ರೋಗದ ಹೆಸರು ಎನ್‌ಎಂಡಿಎ ಗ್ರಾಹಕಗಳ (ನರಕೋಶದ ಮೇಲೆ ಸಂದೇಶ ಹಿಡಿಯುವ ಪ್ರೋಟೀನುಗಳ) ವಿರುದ್ಧದ ಮಿದುಳಿನ ಉರಿಯೂತ. ರೋಗಾಣುವಿನ ಮೇಲೆ ಹೋಗಬೇಕಾದ ಪ್ರತಿಕಾಯಗಳು ನೆನಪು, ಕಲಿಕೆಗೆ ಬೇಕಾದ ಗ್ರಾಹಕಗಳನ್ನೇ ಹಿಡಿದು ನರಕೋಶದ ಮೇಲ್ಮೈಯಿಂದ ಒಳಗೆಳೆದುಬಿಡುತ್ತವೆ. ಪ್ರತಿಕಾಯ ತೊಲಗಿದರೆ ಗ್ರಾಹಕಗಳು ಮರಳಿ ಬರುತ್ತವೆ, ಅದೇ ದೊಡ್ಡ ಭರವಸೆ. 2007ರಲ್ಲಿ ಡಾ. ಜೋಸೆಪ್ ಡಾಲ್ಮಾವು ಅವರ ತಂಡ 12 ಮಹಿಳೆಯರಲ್ಲಿ ಇದನ್ನು ಗುರುತಿಸಿತು. ಬಹುತೇಕರ ಅಂಡಾಶಯದಲ್ಲಿ ಟೆರಟೋಮಾ ಎಂಬ ಗಡ್ಡೆಯಿತ್ತು. ನಮ್ಮವಳಿಗೆ ಗಡ್ಡೆ ಇರಲಿಲ್ಲ. ಪ್ರತಿಕಾಯಗಳ ಈ ದಾಳಿ ತಗ್ಗಿಸಲು ಸ್ಟೀರಾಯ್ಡ್, ಇಮ್ಯುನೊಗ್ಲಾಬ್ಯುಲಿನ್, ಆಮೇಲೆ ರಿಟುಕ್ಸಿಮ್ಯಾಬ್ ಎಂಬ ಔಷಧಿಗಳನ್ನು ಕೊಟ್ಟರು. 2013ರ 577 ರೋಗಿಗಳ ಅಧ್ಯಯನದಲ್ಲಿ, ಎರಡು ವರ್ಷ ಗಮನಿಸಿದವರ ಪೈಕಿ ಶೇ 81 ಮಂದಿ ಚೆನ್ನಾಗಿ ಚೇತರಿಸಿಕೊಂಡಿದ್ದರು. ಚಿಕಿತ್ಸೆ ಬೇಗ ಸಿಕ್ಕವರು ಹೆಚ್ಚು ಸುಧಾರಿಸಿದ್ದರು. ಈ ಸಾಲು ಓದಿದಾಗಲೆಲ್ಲ ನನಗೆ ಆ ಮೂರು ದಿನಗಳು ಚುಚ್ಚುತ್ತವೆ.

ಬರ್ಲಿನ್ ಮೃಗಾಲಯದ ಹಿಮಕರಡಿ ಕ್ನೂಟ್ 2011ರಲ್ಲಿ ಜನರ ಕಣ್ಣೆದುರೇ ನೀರಿಗೆ ಬಿದ್ದು ಸತ್ತಿತು. ಕಾರಣ ತಿಳಿದದ್ದು 2015ರಲ್ಲಿ, ತೆಗೆದಿಟ್ಟಿದ್ದ ಅದರ ಬೆನ್ನಿನ ನೀರಿನಿಂದ. ಇದೇ ರೋಗ. ಸತ್ತ ಕರಡಿಗೆ ಮಾಡಿದ ಪರೀಕ್ಷೆಯನ್ನು ಬದುಕಿದ್ದ ಮಗುವಿಗೆ ನಾವು ಬೇಡವೆಂದಿದ್ದೆವು.

ಎಲ್ಲ ಮನೋರೋಗವೂ ಇದಲ್ಲ, ಇದು ಅಪರೂಪದ್ದು. ಮನೋವೈದ್ಯರ ಬಳಿ ಹೋಗುವುದು ಅವಮಾನವೂ ಅಲ್ಲ. ಆದರೆ ಚೆನ್ನಾಗಿದ್ದ ಹುಡುಗಿ ಕೆಲವೇ ದಿನಗಳಲ್ಲಿ ಬೇರೆಯವಳಾಗಿಬಿಟ್ಟರೆ, ಜೊತೆಗೆ ಫಿಟ್ಸ್, ಜ್ವರ, ಬಾಯಿ ಕೈಗಳ ವಿಚಿತ್ರ ಚಲನೆ ಇದ್ದರೆ, ನರರೋಗ ತಜ್ಞರಿಗೆ ತೋರಿಸಿ. ಅವರು ಸಹಿ ಕೇಳಿದರೆ ನೆಂಟರ ಫೋನಿಗೆ ಕಾಯಬೇಡಿ.

ಆ ವಾರಗಳು ಅವಳಿಗೆ ನೆನಪಿಲ್ಲ. ಈಗ ಮತ್ತೆ ಕಾಲೇಜಿಗೆ ಹೋಗುತ್ತಿದ್ದಾಳೆ. ಮೊನ್ನೆ "ಚಿಕ್ಕಮ್ಮ, ಸೂಜಿ ಚುಚ್ಚಿದ್ದು ಎಲ್ಲಿ?" ಎಂದು ಕೇಳಿದಳು. ನಾನೂ ಅಕ್ಕನೂ ಅವಳ ಬೆನ್ನಿನಲ್ಲಿ ಹುಡುಕಿದೆವು, ಗುರುತು ಸಿಗಲಿಲ್ಲ.