ಎತ್ತಿನ ಜ್ವರಕ್ಕೆ ದಶಮಾಂಶದ ಬರೆ

ಶಾಲೆಗಳ ಶ್ರೇಯಾಂಕ ಪಟ್ಟಿ ಮತ್ತೊಮ್ಮೆ ಹೊರಬಿದ್ದಿದೆ. ಕಳೆದ ಸಲ ಶಿಖರದಲ್ಲಿದ್ದ ಶಾಲೆ ಈ ಸಲ ಪಾತಾಳದಲ್ಲಿದೆ. ಕಟ್ಟಡವೂ ಅದೇ, ಶಿಕ್ಷಕರೂ ಅವರೇ. ಮಕ್ಕಳು ಕಡಿಮೆಯಿರುವ ಕಡೆ ಪರೀಕ್ಷೆಯ ದಿನ ಇಬ್ಬರಿಗೆ ನೆಗಡಿಯಾದರೂ ಸರಾಸರಿ ಕುಸಿಯುತ್ತದೆ. ಹಾಗಾಗಿ ಪಟ್ಟಿಯ ತುದಿಯಲ್ಲೂ ಬುಡದಲ್ಲೂ ಸಣ್ಣ ಶಾಲೆಗಳದೇ ಜಂಗುಳಿ. ತುದಿಯಲ್ಲಿ ಸಿಕ್ಕವರಿಗೆ ಹಾರ, ಬುಡದಲ್ಲಿ ಸಿಕ್ಕವರಿಗೆ ನೋಟಿಸು.

ಮಗುವಿನ ಅಂಕದಲ್ಲಿ ಮನೆಯ ಸ್ಥಿತಿಗತಿಯ ಪಾಲು ದೊಡ್ಡದೆಂದು ಅಮೆರಿಕದ ಕೋಲ್ಮನ್ ವರದಿ 1966ರಲ್ಲೇ ಹೇಳಿತ್ತು. ಪಂಡಿತರು ಎದೆಗುಂದಲಿಲ್ಲ. ಮಗುವಿನ ಹಳೆಯ ಅಂಕಗಳಿಂದ ಈ ವರ್ಷ ಎಷ್ಟು ಬರಬೇಕೆಂದು ಊಹಿಸಿ, ಬಂದದ್ದರಲ್ಲಿ ಅದನ್ನು ಕಳೆದು, ಉಳಿದದ್ದನ್ನು ಶಿಕ್ಷಕರ ತಲೆಗೆ ಕಟ್ಟಿದರು. ಇದಕ್ಕೆ ಮೌಲ್ಯವರ್ಧನೆಯೆಂಬ ಹೆಸರು. ಟೆನೆಸೀ ರಾಜ್ಯಕ್ಕೆ ಇದನ್ನು ರೂಪಿಸಿಕೊಟ್ಟ ವಿಲಿಯಂ ಸ್ಯಾಂಡರ್ಸ್ ಮೂಲತಃ ಕೃಷಿ ಸಂಖ್ಯಾಶಾಸ್ತ್ರಜ್ಞರು. ಈ ಬಗೆಯ ಲೆಕ್ಕ ಹಾಲು ಕರೆಯುವ ಹಸುಗಳ ತಳಿ ಆಯ್ಕೆಯಲ್ಲಿ ಪಳಗಿದ್ದು. ಅದರಲ್ಲಿ ತಪ್ಪೇನಿಲ್ಲ, ಹಸುಗಳಂತೂ ಎಂದೂ ತಕರಾರು ಮಾಡಿಲ್ಲ. ಆದರೆ ಫ್ಲಾರಿಡಾದಲ್ಲಿ ತಾವು ಪಾಠವನ್ನೇ ಮಾಡದ ಮಕ್ಕಳ ಅಂಕಗಳಿಂದ ಕೆಲವು ಶಿಕ್ಷಕರನ್ನು ತೂಗಿದಾಗ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆಯೆಂಬ ಮಾತಿಗೆ ಸರ್ಕಾರಿ ಮುದ್ರೆಯೇ ಬಿತ್ತು. ಅರ್ಥಶಾಸ್ತ್ರಜ್ಞ ಜೆಸ್ಸಿ ರಾಥ್‌ಸ್ಟೀನ್ 2010ರಲ್ಲಿ ಇಂಥ ಮಾದರಿಗಳನ್ನೇ ಪರೀಕ್ಷೆಗೆ ಕೂರಿಸಿದರು. ಐದನೇ ತರಗತಿಯ ಶಿಕ್ಷಕರು ಮಕ್ಕಳ ನಾಲ್ಕನೇ ತರಗತಿಯ ಪ್ರಗತಿಯ ಮೇಲೂ ‘ಪ್ರಭಾವ’ ಬೀರಿದ್ದಾರೆಂದು ಲೆಕ್ಕ ಹೇಳಿತು! ಕಳೆದುಹೋದ ಕಾಲವನ್ನೂ ತಿದ್ದಬಲ್ಲ ಇಂಥವರಿಗೆ ಸಂಬಳ ಹೆಚ್ಚಿಸಬೇಕಿತ್ತು.

ಅಂಕಗಳ ಏರುಪೇರಿನಲ್ಲಿ ಶಿಕ್ಷಕರ ಪಾಲು ಬಹುತೇಕ ಅಧ್ಯಯನಗಳ ಪ್ರಕಾರ ಶೇಕಡಾ 1ರಿಂದ 14 ಎಂದು ಅಮೆರಿಕದ ಸಂಖ್ಯಾಶಾಸ್ತ್ರ ಸಂಘವೇ 2014ರಲ್ಲಿ ಎಚ್ಚರಿಸಿತು. ಅಡುಗೆಯವನೇ ಉಪ್ಪು ಹೆಚ್ಚಾಗಿದೆ ಎಂದರೂ ಬಡಿಸುವವರು ನಿಲ್ಲಿಸಲಿಲ್ಲ. ನ್ಯೂಯಾರ್ಕಿನ ಒಬ್ಬ ಶಿಕ್ಷಕಿಯ ಅಂಕ ಒಂದೇ ವರ್ಷದಲ್ಲಿ 20ಕ್ಕೆ 14ರಿಂದ 1ಕ್ಕೆ ಇಳಿಯಿತು. ಅದು ಮನಸೋಇಚ್ಛೆಯ ನಿರ್ಣಯವೆಂದು 2016ರಲ್ಲಿ ನ್ಯಾಯಾಧೀಶರು ರದ್ದುಪಡಿಸಿದರು.

ಅಮೆರಿಕದ ಹ್ಯೂಸ್ಟನ್ ನಗರದ ಶಾಲೆಗಳ ಕಥೆಗೆ ಬಂದರೆ ನಗು ಬರುವುದಿಲ್ಲ. ಅಲ್ಲಿ ಶಿಕ್ಷಕರ ಕೆಲಸಕ್ಕೇ ಕುತ್ತು ತರುತ್ತಿದ್ದ ಮೌಲ್ಯವರ್ಧನೆಯ ಸೂತ್ರ ಖಾಸಗಿ ಕಂಪನಿಯ ವ್ಯಾಪಾರ ರಹಸ್ಯವಾಗಿತ್ತು. ತಮ್ಮ ಅಂಕ ಹೇಗೆ ಬಂತೆಂದು ತಾಳೆ ನೋಡಲು ಶಿಕ್ಷಕರಿಗೆ ದಾರಿಯಿರಲಿಲ್ಲ. ತಪ್ಪಿದ್ದರೆ ತಿದ್ದಿ ಎಂದರೆ, ಒಬ್ಬರದನ್ನು ತಿದ್ದಿದರೆ ಉಳಿದವರೆಲ್ಲರ ಅಂಕವೂ ಬದಲಾಗುತ್ತದೆ, ಆದ್ದರಿಂದ ಆಗದು ಎಂಬ ಉತ್ತರ. ಪರೀಕ್ಷೆ ಬರೆದ ಮಗುವಾದರೂ ಮರುಎಣಿಕೆ ಕೇಳಬಹುದು. ಪರಿಶೀಲಿಸಲಾಗದ ಅಂಕವನ್ನು ಹಿಡಿದು ಯಾರ ಅನ್ನವನ್ನೂ ಕಿತ್ತುಕೊಳ್ಳಬಾರದು ಎಂಬ ಇಷ್ಟು ಸಣ್ಣ ಮಾತಿಗಾಗಿ ಶಿಕ್ಷಕರು 2017ರಲ್ಲಿ ಫೆಡರಲ್ ನ್ಯಾಯಾಲಯದಲ್ಲಿ ವಾದಿಸಬೇಕಾಯಿತಲ್ಲ, ಆ ಸೂತ್ರಕ್ಕೆ ಸಹಿ ಹಾಕಿದ ಮಹನೀಯರ ಅಂಕವನ್ನು ಯಾರು ಲೆಕ್ಕ ಹಾಕಿದರು?