ಸತ್ತವರು ಎದ್ದು ಬಂದರೆ ಹಳೆಯ ಪುಟಕ್ಕೆ ಏನಾಗುತ್ತದೆ?

ಕಾಮಿಕ್ಸ್ ಓದುವವರ ನಡುವೆ ಒಂದು ಹಳೆಯ ಮಾತಿತ್ತು. ಸೂಪರ್‌ಹೀರೋ ಲೋಕದಲ್ಲಿ ಸತ್ತವರೆಲ್ಲ ಎದ್ದು ಬರುತ್ತಾರೆ, ಮೂವರನ್ನು ಬಿಟ್ಟು: ಕ್ಯಾಪ್ಟನ್ ಅಮೆರಿಕದ ಜೊತೆಗಾರ ಬಕಿ, ಬ್ಯಾಟ್‌ಮ್ಯಾನ್‌ನ ಜೊತೆಗಾರ ರಾಬಿನ್ ಆಗಿದ್ದ ಜೇಸನ್ ಟಾಡ್, ಸ್ಪೈಡರ್‌ಮ್ಯಾನ್‌ನನ್ನು ಸಾಕಿದ ಅಂಕಲ್ ಬೆನ್. 2005ರಲ್ಲಿ ಆ ಮಾತೇ ಸತ್ತಿತು. ಒಂದೇ ವರ್ಷದಲ್ಲಿ ಮಾರ್ವೆಲ್ ಪ್ರಕಾಶನ ಬಕಿಯನ್ನು ಎಬ್ಬಿಸಿತು, ಅದರ ಎದುರಾಳಿ ಡಿಸಿ ಜೇಸನ್‌ನನ್ನು ಎಬ್ಬಿಸಿತು. ಪಾಪ, ಬೆನ್ ಒಬ್ಬನೇ ಮಣ್ಣಲ್ಲಿ ಉಳಿದ.

ಅಂದಿನಿಂದ ಯಾವ ಕಥೆಯ ಮಾತೆತ್ತಿದರೂ ಯಾರಾದರೊಬ್ಬರು 'ಹೇಗೂ ವಾಪಸ್ ಬರ್ತಾನಲ್ಲ, ಸತ್ತರೆಷ್ಟು ಬಿಟ್ಟರೆಷ್ಟು' ಅಂತ ಬಾಗಿಲು ಹಾಕಿಬಿಡುತ್ತಾರೆ. ಇದು ಸೋಮಾರಿ ವಾದ. ಅಭಿಮನ್ಯು ಕಾಳಗದಲ್ಲಿ ಹುಡುಗ ಸಾಯುತ್ತಾನೆ ಅನ್ನುವುದು ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವವನಿಂದ ಹಿಡಿದು ಕೊನೆಯ ಸಾಲಲ್ಲಿ ಕಡಲೆ ಮೆಲ್ಲುವವನವರೆಗೆ ಎಲ್ಲರಿಗೂ ಗೊತ್ತು. ನಾಳೆ ರಾತ್ರಿ ಇನ್ನೊಂದೂರಲ್ಲಿ ಅವನೇ ಎದ್ದು ಮತ್ತೆ ಸಾಯುತ್ತಾನೆ ಅನ್ನುವುದೂ ಗೊತ್ತು. ಆದರೂ ಭಾಗವತರ ಪದ್ಯ ಏರುವ ಹೊತ್ತಿಗೆ ಗಂಟಲು ಕಟ್ಟುತ್ತದೆ. ನಾನು ಕೇಳುವ ಪ್ರಶ್ನೆ ಬೇರೆ. ಎದ್ದು ಬಂದವನು ಹಳೆಯ ಪುಟಕ್ಕೆ ಏನಾದರೂ ಕೊಟ್ಟನೋ, ಇದ್ದದ್ದನ್ನು ಕಿತ್ತುಕೊಂಡು ಹೋದನೋ?

ಸ್ಪೈಡರ್‌ಮ್ಯಾನ್‌ನ ಪ್ರೇಯಸಿ ಗ್ವೆನ್ ಸ್ಟೇಸಿಯಿಂದ ಶುರು ಮಾಡೋಣ, ಏಕೆಂದರೆ ಈ ಜಗಳಗಳೆಲ್ಲ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತವೆ. ಅಮೇಜಿಂಗ್ ಸ್ಪೈಡರ್‌ಮ್ಯಾನ್ 121ನೇ ಸಂಚಿಕೆ, ಜೂನ್ 1973. ಬರೆದವರು ಗೆರಿ ಕಾನ್ವೇ, ಚಿತ್ರ ಗಿಲ್ ಕೇನ್, ಶಾಯಿ ಜಾನ್ ರೊಮಿಟಾ. ಮೊದಲು ಕೊಲ್ಲಬೇಕೆಂದುಕೊಂಡಿದ್ದು ಅಂಕಲ್ ಬೆನ್‌ನ ಹೆಂಡತಿ ಆಂಟ್ ಮೇಯನ್ನು. ಬೇಡ, ಗ್ವೆನ್ ಹೋಗಲಿ ಎಂದವರು ರೊಮಿಟಾ. (ಆಂಟ್ ಮೇ ಹೆಸರು ನೆನಪಿರಲಿ, ಮುಂದೆ ಬೇಕಾಗುತ್ತದೆ.)

ಖಳ ಗ್ರೀನ್ ಗಾಬ್ಲಿನ್ ಗ್ವೆನ್‌ಳನ್ನು ಸೇತುವೆಯ ಗೋಪುರದಿಂದ ಬೀಳಿಸುತ್ತಾನೆ. ಜ್ವರದಲ್ಲಿ ನಡುಗುತ್ತಿರುವ ಸ್ಪೈಡರ್‌ಮ್ಯಾನ್ ಬಲೆ ಎಸೆಯುತ್ತಾನೆ. ಬಲೆ ಕಾಲಿಗೆ ಅಂಟುತ್ತದೆ, ಬೀಳುತ್ತಿದ್ದ ದೇಹ ಗಕ್ಕನೆ ನಿಲ್ಲುತ್ತದೆ. ಅದೇ ಪ್ಯಾನೆಲ್‌ನಲ್ಲಿ, ಅಂದರೆ ಚಿತ್ರದ ಚೌಕದಲ್ಲಿ, ಅವಳ ಕುತ್ತಿಗೆಯ ಪಕ್ಕ ಪುಟ್ಟ ಅಕ್ಷರದಲ್ಲಿ ಒಂದು ಸದ್ದು: ಸ್ನ್ಯಾಪ್. ಅವನಿಗೆ ಅದು ಕೇಳಿಸುವುದಿಲ್ಲ. ಉಳಿಸಿಬಿಟ್ಟೆ ಅಂತ ಬೀಗುತ್ತಾ ಮೇಲೆಳೆದುಕೊಳ್ಳುತ್ತಾನೆ. ಓದುವವನಿಗೆ ಗೊತ್ತಾಗಿದೆ, ಅವನಿಗಿನ್ನೂ ಗೊತ್ತಾಗಿಲ್ಲ. ಆ ನಾಲ್ಕಾರು ಪ್ಯಾನೆಲ್‌ಗಳ ಅಂತರದಲ್ಲೇ ಕಥೆಯ ಜೀವ ಕೂತಿದೆ.

ಲೆಕ್ಕ ಹಾಕಿದರೂ ಕಾನ್ವೇ ಗೆಲ್ಲುತ್ತಾರೆ. ತೊಂಬತ್ತು ಮೀಟರ್ ಬಿದ್ದ ದೇಹದ ವೇಗ ಸೆಕೆಂಡಿಗೆ ಸುಮಾರು 42 ಮೀಟರ್, ಅಂದರೆ ಗಂಟೆಗೆ 150 ಕಿಲೋಮೀಟರ್. ಅದನ್ನು ಅರ್ಧ ಸೆಕೆಂಡಿನಲ್ಲಿ ನಿಲ್ಲಿಸಬೇಕಾದರೆ ಗುರುತ್ವದ ಎಂಟೂವರೆ ಪಟ್ಟು ವೇಗ ಇಳಿಯಬೇಕು. ಹಿಡಿದದ್ದು ಕಾಲನ್ನು, ತಲೆ ಕೆಳಗೆ ತೂಗುತ್ತಿದೆ, ಕುತ್ತಿಗೆಗೆ ಯಾವ ಆಸರೆಯೂ ಇಲ್ಲ. ಸ್ವಲ್ಪ ಮುಂದೆ ಗಾಬ್ಲಿನ್, ಅಷ್ಟೆತ್ತರದಿಂದ ಬಿದ್ದರೆ ನೆಲ ಮುಟ್ಟುವ ಮೊದಲೇ ಪ್ರಾಣ ಹೋಗುತ್ತದೆ ಅನ್ನುತ್ತಾನೆ. ಅದು ಶುದ್ಧ ಅವಿಜ್ಞಾನ, ಪ್ಯಾರಾಚೂಟ್ ಬಿಚ್ಚುವ ಮೊದಲು ಕಿಲೋಮೀಟರ್‌ಗಟ್ಟಲೆ ಬೀಳುವವರು ಬದುಕಿಯೇ ಇರುತ್ತಾರೆ. ಕೊನೆಗೆ ಸಂಪಾದಕ ರಾಯ್ ಥಾಮಸ್ 125ನೇ ಸಂಚಿಕೆಯ ಪತ್ರಗಳ ಪುಟದಲ್ಲಿ ಒಪ್ಪಿಕೊಂಡರು: ಕೊಂದದ್ದು ಗಕ್ಕನೆ ನಿಂತ ಏಟು. ನಾಯಕನ ಬಲೆಯೇ ನಾಯಕಿಯನ್ನು ಕೊಂದಿತು. ಇನ್ನೊಂದು ಎಡವಟ್ಟೂ ಇದೆ, ಬರಹದಲ್ಲಿ ಜಾರ್ಜ್ ವಾಷಿಂಗ್ಟನ್ ಸೇತುವೆ, ಚಿತ್ರದಲ್ಲಿ ಬ್ರೂಕ್ಲಿನ್ ಸೇತುವೆ.

ಹಾಗಂತ ಈ ಕಥೆಯನ್ನು ತಲೆ ಮೇಲೆ ಹೊತ್ತು ಮೆರೆಸುವವರಿಗೂ ನನ್ನದೊಂದು ತಕರಾರಿದೆ. ಸೇತುವೆಯ ಮೇಲೆ ಗ್ವೆನ್ ಪೂರ್ತಿ ಎಚ್ಚರ ತಪ್ಪಿ ಬಿದ್ದಿರುತ್ತಾಳೆ. ತನ್ನ ಸಾವಿನ ಕಥೆಯಲ್ಲಿ ಅವಳಿಗೊಂದು ಮಾತಿಲ್ಲ, ಒಂದು ನಿರ್ಧಾರವಿಲ್ಲ. ಅವಳನ್ನು ಉಳಿಸುವುದು ಹಿಂದಿನ ಬಂಡವಾಳ. 1965ರ ಕೊನೆಯಲ್ಲಿ 31ನೇ ಸಂಚಿಕೆಯಲ್ಲಿ ಬಂದವಳು, ತೊಂಬತ್ತು ಸಂಚಿಕೆಗಳಲ್ಲಿ ಬೆಳೆದವಳು. ಅಷ್ಟು ಕಾಲ ಓದುಗರು ಕೂಡಿಟ್ಟ ಪ್ರೀತಿಯನ್ನು ಕಾನ್ವೇ ಒಂದೇ ಏಟಿಗೆ ಖರ್ಚು ಮಾಡಿದರು. ಆ ಬಂಡವಾಳವಿಲ್ಲದೆ ಇದೇ ಖರ್ಚು ಮಾಡಹೊರಟವರ ಗತಿ ಏನಾಯಿತು, ಸ್ವಲ್ಪ ತಾಳಿ.

ಅದಕ್ಕೆ ಮೊದಲು ಸೂಪರ್‌ಮ್ಯಾನ್. 1992ರ ನವೆಂಬರ್‌ನಲ್ಲಿ ಮಾರಾಟಕ್ಕೆ ಬಂದ ಸೂಪರ್‌ಮ್ಯಾನ್ 75ನ್ನು ಬರೀ ಗಿಮಿಕ್ ಅಂತ ತಳ್ಳಿಹಾಕುವವರಿದ್ದಾರೆ. ಗಿಮಿಕ್ ಹೌದು. ಕಪ್ಪು ಪ್ಲಾಸ್ಟಿಕ್ ಚೀಲ, ಮೇಲೆ ರಕ್ತ ಸುರಿಸುವ ಎಸ್, ಒಳಗೆ ತೋಳಿಗೆ ಕಟ್ಟಿಕೊಳ್ಳುವ ಕಪ್ಪು ಪಟ್ಟಿ. ಚೀಲ ಹರಿದರೆ ಬೆಲೆ ಬೀಳುತ್ತದೆಂದು ಓದದೆಯೇ ಬೀರುವಿನಲ್ಲಿಟ್ಟವರು ಅಸಂಖ್ಯ. ಎಲ್ಲರೂ ಹಾಗೇ ಜೋಪಾನ ಮಾಡಿದ್ದರಿಂದಲೇ ಅದಕ್ಕೆ ಮುಂದೆ ಬೆಲೆ ಬರಲಿಲ್ಲ ಅನ್ನುವುದು ಬೇರೆ ಮಾತು. ಆದರೆ ಚೀಲದೊಳಗಿನ ಕಸುಬು ನೋಡಿ. ಆಗ ಸೂಪರ್‌ಮ್ಯಾನ್‌ಗೆ ನಾಲ್ಕು ಮಾಸಿಕಗಳು, ವಾರಕ್ಕೊಂದರಂತೆ ಒಂದೇ ಕಥೆ ನಾಲ್ಕರಲ್ಲೂ ಹರಿಯುತ್ತಿತ್ತು. ಓದುವ ಕ್ರಮ ತಪ್ಪಬಾರದೆಂದು 1991ರಿಂದ ರಕ್ಷಾಪುಟದ ಮೇಲೆ ತ್ರಿಕೋನದೊಳಗೆ ಸಂಖ್ಯೆ ಹಾಕುತ್ತಿದ್ದರು. ಡೂಮ್ಸ್‌ಡೇ ಎಂಬ ದೈತ್ಯನ ಜೊತೆಗಿನ ಹೊಡೆದಾಟದ ಕೊನೆಯ ನಾಲ್ಕು ಸಂಚಿಕೆಗಳಲ್ಲಿ ಪುಟಕ್ಕಿಷ್ಟೇ ಪ್ಯಾನೆಲ್ ಅಂತ ಕಟ್ಟು ಹಾಕಿಕೊಂಡರು. ಅಡ್ವೆಂಚರ್ಸ್ ಆಫ್ ಸೂಪರ್‌ಮ್ಯಾನ್ 497ರಲ್ಲಿ ಪುಟಕ್ಕೆ ನಾಲ್ಕು. ಆಕ್ಷನ್ ಕಾಮಿಕ್ಸ್ 684ರಲ್ಲಿ ಮೂರು. ಮ್ಯಾನ್ ಆಫ್ ಸ್ಟೀಲ್ 19ರಲ್ಲಿ ಎರಡು. 75ರಲ್ಲಿ ಪುಟಕ್ಕೊಂದೇ ಚಿತ್ರ.

ನಾಲ್ಕನ್ನೂ ಒಟ್ಟಿಗೆ ಓದಿದರೆ ಇದು ಮೈಗೆ ತಾಗುತ್ತದೆ. ಚಿತ್ರ ದೊಡ್ಡದಾಗುತ್ತಾ ಹೋಗುತ್ತದೆ, ಮಾತು ಸವೆಯುತ್ತದೆ, ಪುಟ ಮಗುಚುವ ಕೈ ಬೇಗವಾಗುತ್ತದೆ. ಹೋಗುತ್ತಿರುವ ದಿಕ್ಕು ಗೊತ್ತಿದ್ದೂ ಕೈ ನಿಲ್ಲುವುದಿಲ್ಲ. ನಾಲ್ಕು ಬೇರೆ ಬೇರೆ ತಂಡಗಳು ಸೇರಿ ಇಂಥ ಲಯ ಕಟ್ಟಿದ್ದು ಸಣ್ಣ ಕೆಲಸವಲ್ಲ. ಅದೂ ಕ್ಲಾರ್ಕ್ (ಸೂಪರ್‌ಮ್ಯಾನ್‌ನ ಇನ್ನೊಂದು ಹೆಸರು) ಮತ್ತು ಅವನ ಪ್ರೇಯಸಿ ಲೋಯಿಸ್‌ರ ಮದುವೆಗೆಂದು ಎತ್ತಿಟ್ಟಿದ್ದ ಜಾಗದಲ್ಲಿ! ಟೀವಿ ಧಾರಾವಾಹಿ ಬರುವುದಿತ್ತೆಂದು ಮದುವೆ ಮುಂದಕ್ಕೆ ಹೋಯಿತು. ಹಾಗಾದರೆ ಕೊಂದೇಬಿಡೋಣ ಅನ್ನುವುದು ಬರಹಗಾರ ಜೆರ್ರಿ ಆರ್ಡ್‌ವೇ ಪ್ರತಿ ಸಭೆಯಲ್ಲೂ ಹೊಡೆಯುತ್ತಿದ್ದ ಜೋಕು, ಆ ಸಲ ಜೋಕು ನಿಜವಾಯಿತು.

ದೌರ್ಬಲ್ಯವೂ ಅದೇ ಕಟ್ಟಿನಲ್ಲಿದೆ. ಪುಟಕ್ಕೊಂದೇ ಚಿತ್ರವಿದ್ದರೆ ಯೋಚನೆಗೆ ಎಡೆಯಿಲ್ಲ, ಗುದ್ದಿಗೆ ಮಾತ್ರ. ಡೂಮ್ಸ್‌ಡೇಗೆ ಉದ್ದೇಶವಿಲ್ಲ, ಹಳೆಯ ದ್ವೇಷವೂ ಇಲ್ಲ. ಒಂದು ಕೈ ಬೆನ್ನಿಗೆ ಕಟ್ಟಿದ್ದರೂ ಸೂಪರ್‌ಹೀರೋಗಳ ತಂಡ ಜಸ್ಟಿಸ್ ಲೀಗನ್ನು ಒರೆಸಿಹಾಕುವ ಮೊದಲ ದೃಶ್ಯ ಚೆಂದ, ಆಮೇಲೆ ಅವನು ಉರುಳುವ ಬಂಡೆಯಷ್ಟೇ. ಲೆಕ್ಸ್ ಲೂಥರ್‌ನಂಥ ವೈರಿ ಇರುವಾಗ ಸೂಪರ್‌ಮ್ಯಾನ್ ಬಂಡೆಗೆ ಸಿಕ್ಕಿ ಸತ್ತ.

ವಾಪಸ್ ಬಂದದ್ದು 82ನೇ ಸಂಚಿಕೆಯಲ್ಲಿ, ವರ್ಷವೂ ತುಂಬಿರಲಿಲ್ಲ. ಅದರಿಂದ 75 ಕೆಟ್ಟಿತೇ? ನನ್ನ ಲೆಕ್ಕದಲ್ಲಿ ಇಲ್ಲ. ಅವನು ಬಿದ್ದದ್ದು ಸುಳ್ಳೆಂದು ಯಾರೂ ಹೇಳಲಿಲ್ಲ. ಖಾಲಿ ಬಿದ್ದ ಜಾಗ ತುಂಬಲು ಬಂದ ನಾಲ್ವರಲ್ಲಿ ಸ್ಟೀಲ್, ಸೂಪರ್‌ಬಾಯ್ ಇಬ್ಬರೂ ನೆಲೆ ನಿಂತರು. ಅವನು ಮರಳುವ ಹೊತ್ತಿಗೆ ಕೋಸ್ಟ್ ಸಿಟಿ ಅನ್ನುವ ಇಡೀ ನಗರ, ಎಪ್ಪತ್ತು ಲಕ್ಷ ಜನ, ಬೂದಿಯಾಗಿತ್ತು. ಆ ಎಪ್ಪತ್ತು ಲಕ್ಷ ಅವನ ಜೊತೆ ಎದ್ದು ಬರಲಿಲ್ಲ.

ಆ ಸಾಲ ತೀರಿಸಿದ್ದು ಬೇರೊಬ್ಬ. ಕೋಸ್ಟ್ ಸಿಟಿ, ಗ್ರೀನ್ ಲ್ಯಾಂಟರ್ನ್ ಎಂಬ ಉಂಗುರಧಾರಿ ದಳದ ಹಾಲ್ ಜೋರ್ಡನ್‌ನ ಊರು. 1994ರಲ್ಲಿ ಗ್ರೀನ್ ಲ್ಯಾಂಟರ್ನ್ 48ರಿಂದ 50ರವರೆಗೆ ಅವನು ಹುಚ್ಚನಾಗಿ, ತನ್ನ ದಳದವರನ್ನೇ ಬಡಿದು ಉಂಗುರ ಕಸಿದು, ಖಳನಾಗುತ್ತಾನೆ. ಕಾರಣ ಗಟ್ಟಿ, ಆಲೋಚನೆ ಒಳ್ಳೆಯದು. ಆದರೆ ಮೂರೇ ಮೂರು ಸಂಚಿಕೆ! 1959ರಿಂದ ನಾಯಕನಾಗಿದ್ದವನನ್ನು ಇಷ್ಟರಲ್ಲೇ ಉರುಳಿಸಿದರೆ ಓದುಗನ ಕಣ್ಣಿಗೆ ಕಾಣುವುದು ದುರಂತವಲ್ಲ, ಸಂಪಾದಕರ ಗಡಿಬಿಡಿ. ಅವನ ಜಾಗಕ್ಕೆ ಬಂದ ಕೈಲ್ ರೇನರ್‌ನ ಗೆಳತಿ ಅಲೆಕ್ಸಾಂಡ್ರಾ ಡಿವಿಟ್ 48ರಲ್ಲಿ ಪರಿಚಯವಾದವಳು, 54ರಲ್ಲಿ ಹೆಣವಾಗಿ ಫ್ರಿಜ್ಜಿನೊಳಗೆ ಸಿಗುತ್ತಾಳೆ. ಗ್ವೆನ್‌ಗೆ ಸಿಕ್ಕಿದ್ದು ತೊಂಬತ್ತು ಸಂಚಿಕೆ, ಇವಳಿಗೆ ಏಳೂ ತುಂಬಿಲ್ಲ. ಖರ್ಚು ಮಾಡಲು ಜೇಬಿನಲ್ಲಿ ಕಾಸೇ ಇರಲಿಲ್ಲ, ಅದಕ್ಕೇ ಆಘಾತದ ಚಿತ್ರವೊಂದು ಬೇಕಾಯಿತು. 1999ರಲ್ಲಿ ಗೇಲ್ ಸಿಮೋನ್, ನಾಯಕನಿಗೆ ಕೋಪ ಬರಿಸಲೆಂದೇ ಬಲಿಯಾದ ಹೆಣ್ಣು ಪಾತ್ರಗಳ ಪಟ್ಟಿಗೆ ಈ ಫ್ರಿಜ್ಜಿನ ಹೆಸರನ್ನೇ ಇಟ್ಟರು. ಆ ಪಟ್ಟಿ ಓದಿದ ಮೇಲೆ ಗ್ವೆನ್‌ಳ ಮೌನವೂ ಮೊದಲಿನಷ್ಟು ಮುಗ್ಧವಾಗಿ ಕಾಣುವುದಿಲ್ಲ.

ಜೇಸನ್ ಟಾಡ್‌ನದು ಇದೆಲ್ಲಕ್ಕಿಂತ ವಿಚಿತ್ರ ಪ್ರಕರಣ. 1988ರ ಬ್ಯಾಟ್‌ಮ್ಯಾನ್ 426ರಿಂದ 429. ಬರೆದವರು ಜಿಮ್ ಸ್ಟಾರ್ಲಿನ್, ಚಿತ್ರ ಜಿಮ್ ಅಪಾರೊ. ಸಂಪಾದಕ ಡೆನಿಸ್ ಓ'ನೀಲ್ 427ರ ಕೊನೆಯಲ್ಲಿ ಎರಡು ಫೋನ್ ನಂಬರ್ ಕೊಟ್ಟರು: ಒಂದು ಹುಡುಗ ಉಳಿಯಲಿ ಅನ್ನುವವರಿಗೆ, ಒಂದು ಸಾಯಲಿ ಅನ್ನುವವರಿಗೆ. ಕರೆಗೆ 50 ಸೆಂಟ್, ಸಮಯ 36 ಗಂಟೆ. ಸಾಯಲಿ 5,343. ಉಳಿಯಲಿ 5,271. ಎಪ್ಪತ್ತೆರಡು ಮತಗಳ ಅಂತರದಲ್ಲಿ ರಾಬಿನ್ ಸತ್ತ. ಒಬ್ಬನೇ ಹತ್ತು ಸಲ ಕರೆ ಮಾಡಿದರೂ ತಡೆಯುವ ವ್ಯವಸ್ಥೆ ಇರಲಿಲ್ಲ. ಹಾಗಾಗಿ ಇದನ್ನು ಓದುಗರ ತೀರ್ಪು ಅನ್ನುವುದಕ್ಕಿಂತ ಚಿಲ್ಲರೆ ಹೆಚ್ಚಿದ್ದವರ ತೀರ್ಪು ಅನ್ನಬಹುದು.

ಎರಡು ಅಂತ್ಯಕ್ಕೂ ಪುಟ ತಯಾರಿಟ್ಟುಕೊಳ್ಳಬೇಕಾದರೆ ಕಥೆಯ ಉಳಿದ ಭಾಗ ಎರಡಕ್ಕೂ ಹೊಂದುವಂತೆ ಸಡಿಲವಾಗಿರಬೇಕು. ಆ ಸಡಿಲು ಕಣ್ಣಿಗೆ ಹೊಡೆಯುತ್ತದೆ. ಜೇಸನ್‌ನ ಹೆತ್ತತಾಯಿ ಆಗಿರಬಹುದಾದ ಮೂವರೂ ಒಂದೇ ಹೊತ್ತಿಗೆ ಮಧ್ಯಪ್ರಾಚ್ಯ, ಆಫ್ರಿಕಾದ ಕಡೆಗೇ ಇರುತ್ತಾರೆ, ಜೋಕರ್ ಕೂಡ ಅಲ್ಲಿಗೇ ಬರುತ್ತಾನೆ. ಹುಡುಗನನ್ನು ಸನ್ನೆಕೋಲಿನಿಂದ ಬಡಿದು, ಬಾಂಬಿಟ್ಟು ಕೊಂದ ಮೇಲೆ ಜೋಕರ್ ವಿಶ್ವಸಂಸ್ಥೆಗೆ ಇರಾನಿನ ರಾಯಭಾರಿಯಾಗಿ ಬಂದು ನಿಲ್ಲುತ್ತಾನೆ! ಮೈ ನಡುಗಿಸಿದ ಕೊಲೆಯ ಬೆನ್ನಿಗೇ ಇಂಥ ಪ್ರಹಸನ. ನಾಲ್ಕು ಸಂಚಿಕೆಗಳಲ್ಲಿ ಉಳಿಯುವುದು ಆ ಗೋದಾಮಿನ ಕೆಲವೇ ಪುಟಗಳು, ಮೋಸ ಮಾಡಿದ ತಾಯಿಯನ್ನೇ ಬಾಂಬಿನಿಂದ ಕಾಯಲು ಹೋಗುವ ಮಗ.

ಹದಿನೇಳು ವರ್ಷದ ನಂತರ ಜಡ್ ವಿನಿಕ್ ಅವನನ್ನು ಎಬ್ಬಿಸಿದರು. ಎದ್ದ ಬಗೆಗೆ ಕೊಟ್ಟ ಕಾರಣ ಶುದ್ಧ ತಮಾಷೆ: ಇನ್ನೊಂದು ಲೋಕದ ಸೂಪರ್‌ಬಾಯ್ ವಾಸ್ತವದ ಗೋಡೆಗೆ ಗುದ್ದಿದ, ಗೋರಿಯಲ್ಲಿದ್ದವನಿಗೆ ಜೀವ ಬಂತು. ಅದನ್ನು ನಗುತ್ತಲೇ ದಾಟಿಬಿಡಿ. ಬ್ಯಾಟ್‌ಮ್ಯಾನ್ 650ರಲ್ಲಿ ಜೇಸನ್ ತಂದೆಯಂಥ ಬ್ಯಾಟ್‌ಮ್ಯಾನ್‌ನ ಮುಂದೆ ನಿಂತು ಕೇಳುವುದು ಒಂದೇ ಪ್ರಶ್ನೆ. ನೀನು ನನ್ನನ್ನು ಉಳಿಸಲಿಲ್ಲ ಅನ್ನುವುದಕ್ಕೆ ನನಗೆ ಕೋಪವಿಲ್ಲ, ಆದರೆ ಈ ಜೋಕರ್ ಇನ್ನೂ ಯಾಕೆ ಬದುಕಿದ್ದಾನೆ? ಈ ಪ್ರಶ್ನೆ ಕೇಳಿದ ಮೇಲೆ 1988ರ ಸಂಚಿಕೆಗೆ ಹಿಂತಿರುಗಿದರೆ, ಅಲ್ಲಿ ಬರೀ ಪ್ರಹಸನವಾಗಿದ್ದ ಜೋಕರ್‌ನ ಪಾರಾಗುವಿಕೆ ಈಗ ಚುಚ್ಚುತ್ತದೆ. ಎದ್ದು ಬಂದವನು ಹಳೆಯ ಪುಟಕ್ಕೆ ಕೊಟ್ಟು ಹೋದದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಎಡ್ ಬ್ರೂಬೇಕರ್ ಎಬ್ಬಿಸಿದ ಬಕಿಯೂ ಇದೇ ಜಾತಿ. 1964ರ ಅವೆಂಜರ್ಸ್ 4ರಲ್ಲಿ ವಿಮಾನ ಸಿಡಿಯಿತೇ ಹೊರತು ಹೆಣ ಸಿಕ್ಕಿರಲಿಲ್ಲ. ಬ್ರೂಬೇಕರ್ ಆ ಸಂದಿಯಲ್ಲೇ ಕೈ ತೂರಿಸಿದರು, ಗೋಡೆ ಒಡೆಯಲಿಲ್ಲ.

ಈಗ ಆಂಟ್ ಮೇ. 1994ರಿಂದ 1996ರ ಕ್ಲೋನ್ ಸಾಗಾ ಅಂದರೆ ಸ್ಪೈಡರ್‌ಮ್ಯಾನ್ ಆದ ಪೀಟರ್ ಪಾರ್ಕರ್, ಅವನದೇ ರೂಪದ ಬೆನ್ ರೈಲಿ, ಇಬ್ಬರಲ್ಲಿ ಅಸಲಿ ಯಾರು, ಕ್ಲೋನ್ (ತದ್ರೂಪು) ಯಾರು ಅನ್ನುವ ಕಥೆ. ಅದನ್ನು ಬೈಯುವವರು ಆಲೋಚನೆಯನ್ನೇ ಬೈಯುತ್ತಾರೆ. ನನಗೆ ಆಲೋಚನೆಯಲ್ಲಿ ತಪ್ಪು ಕಾಣಿಸುವುದಿಲ್ಲ, ಕೆಟ್ಟದ್ದು ಗಡುವು. ಅಮೇಜಿಂಗ್ 400ರ ಹೊತ್ತಿಗೆ ಮುಗಿಯಬೇಕಿದ್ದ ಕಥೆ ಮಾರಾಟ ಚೆನ್ನಾಗಿದೆಯೆಂದು ಎಳೆದಾಡಿಸಿಕೊಂಡಿತು. ತಿಂಗಳಿಗೆ ನಾಲ್ಕು ಪುಸ್ತಕ, ಮೇಲಿಂದ ಮೇಲೆ ಬದಲಾದ ಸಂಪಾದಕರು. 1995ರಲ್ಲಿ ಪೀಟರನೇ ಕ್ಲೋನ್ ಅಂದರು, 1996ರ ಡಿಸೆಂಬರ್‌ನಲ್ಲಿ ಅಲ್ಲ, ಬೆನ್ ರೈಲಿಯೇ ಕ್ಲೋನ್ ಅಂದರು. ಗಂಟು ಬಿಡಿಸಲು 1973ರಲ್ಲಿ ತನ್ನದೇ ಗ್ಲೈಡರ್ ನಾಟಿ ಸತ್ತಿದ್ದ ನಾರ್ಮನ್ ಓಸ್ಬಾರ್ನ್‌ನನ್ನು, ಅಂದರೆ ಅದೇ ಗ್ರೀನ್ ಗಾಬ್ಲಿನ್‌ನನ್ನು, ಎಬ್ಬಿಸಿದರು.

ಆದರೆ ಈ ಸಂತೆಯ ನಡುವೆ 400ನೇ ಸಂಚಿಕೆ ಇದೆ, ಡಿಮಾಟೀಸ್ ಬರಹ, ಬ್ಯಾಗ್ಲಿ ಚಿತ್ರ, ಗೋರಿಕಲ್ಲಿನಂತೆ ಉಬ್ಬು ಅಚ್ಚಿನ ರಕ್ಷಾಪುಟ. ಎಂಪೈರ್ ಸ್ಟೇಟ್ ಕಟ್ಟಡದ ಮೇಲೆ ನಿಂತು ಆಂಟ್ ಮೇ ಹೇಳುತ್ತಾಳೆ, ನೀನೇ ಸ್ಪೈಡರ್‌ಮ್ಯಾನ್ ಅಂತ ನನಗೆ ಬಹಳ ಕಾಲದಿಂದ ಗೊತ್ತು. ಮೂವತ್ತು ವರ್ಷ ಅವಳಿಗೆ ಗೊತ್ತಾದರೆ ಎದೆ ಒಡೆಯುತ್ತದೆ ಅಂತ ಮುಚ್ಚಿಟ್ಟ ಗುಟ್ಟು, ಅವಳೇ ಅವನಿಗೋಸ್ಕರ ಮುಚ್ಚಿಟ್ಟುಕೊಂಡಿದ್ದಳು. ಆಮೇಲೆ ಸಾಯುತ್ತಾಳೆ. ಸ್ಪೈಡರ್‌ಮ್ಯಾನ್ ಬರೆದವರಲ್ಲಿ ಇಷ್ಟು ಮೆಲುದನಿಯಲ್ಲಿ ಇಷ್ಟು ಹೇಳಿದವರು ಕಡಿಮೆ.

1998ರಲ್ಲಿ ಹೇಳಿದರು: ಸತ್ತದ್ದು ಆಂಟ್ ಮೇ ಅಲ್ಲ, ನಾರ್ಮನ್ ನೇಮಿಸಿದ್ದ ಒಬ್ಬ ನಟಿ.

ಇಲ್ಲಿ ನನ್ನ ಸಿಟ್ಟು ಅವಳು ಬದುಕಿ ಬಂದದ್ದಕ್ಕಲ್ಲ. ಎಂಪೈರ್ ಸ್ಟೇಟ್ ಮೇಲಿನ ಮಾತುಗಳನ್ನು ಕೂಲಿಗೆ ಬಂದವಳ ಬಾಯಿಗೆ ಹಾಕಿದರಲ್ಲ, ಅದಕ್ಕೆ. ಸೂಪರ್‌ಮ್ಯಾನ್ ಎದ್ದಾಗ 75ರ ಒಂದು ಗೆರೆಯೂ ಅಳಿಸಿರಲಿಲ್ಲ. ಇಲ್ಲಿ 400 ಪೂರ್ತಿ ಅಳಿಯಿತು. 2004ರ ಸಿನ್ಸ್ ಪಾಸ್ಟ್ ಕಥೆಯಂತೂ ಯಾರನ್ನೂ ಎಬ್ಬಿಸದೆಯೇ ಇದೇ ಕೆಲಸ ಮಾಡಿತು. ಗ್ವೆನ್‌ಗೆ ನಾರ್ಮನ್‌ನಿಂದ ಅವಳಿ ಮಕ್ಕಳಾಗಿದ್ದವಂತೆ! ಸೇತುವೆಯ ಮೇಲೆ ಮಾತಿಲ್ಲದೆ ಮಲಗಿದ್ದವಳಿಗೆ ಮೂವತ್ತು ವರ್ಷದ ಮೇಲೆ ಸಿಕ್ಕಿದ ಕಥೆ ಇದು.

ಆಂಟ್ ಮೇ ಲೆಕ್ಕ ಅಲ್ಲಿಗೂ ಮುಗಿಯಲಿಲ್ಲ. ಸಿವಿಲ್ ವಾರ್ ಎಂಬ ಕಥೆಯಲ್ಲಿ ಪೀಟರ್ ಮುಖವಾಡ ಕಳಚಿದ ಮೇಲೆ ಅವನಿಗಿಟ್ಟ ಗುಂಡು ಅವಳಿಗೆ ತಗುಲಿತು. 2007ರ ಒನ್ ಮೋರ್ ಡೇಯಲ್ಲಿ ಅವಳ ಜೀವ ಉಳಿಸಲು ಪೀಟರ್ ಮತ್ತು ಮೇರಿ ಜೇನ್, 1987ರಿಂದ ಇದ್ದ ತಮ್ಮ ಮದುವೆಯನ್ನೇ ಮೆಫಿಸ್ಟೋ ಎಂಬ ಪಿಶಾಚಿಗೆ ಕೊಟ್ಟುಬಿಡುತ್ತಾರೆ, ಅದು ನಡೆದೇ ಇಲ್ಲ ಅನ್ನುವಂತೆ. ಬರೆದ ಸ್ಟ್ರಾಜಿನ್‌ಸ್ಕಿಯೇ ಕೊನೆಯ ಎರಡು ಭಾಗಗಳಿಂದ ತಮ್ಮ ಹೆಸರು ತೆಗೆಸಲು ಬಯಸಿದ್ದಾಗಿ ಬಹಿರಂಗವಾಗಿ ಹೇಳಿಕೊಂಡರು. 400ರಲ್ಲಿ ಅವಳು ಎಷ್ಟು ಚೆಂದಾಗಿ, ಎಷ್ಟು ಸಮಾಧಾನದಿಂದ ಹೊರಟುಹೋಗಿದ್ದಳು!