ಬರೋದೂ ಇಲ್ಲ, ಬರಲ್ಲ ಅನ್ನೋದೂ ಇಲ್ಲ

ಕೇಳಿದ ಫೈಲ್ ಇಲ್ಲದಿದ್ದರೆ ನನಗೇನೂ ಬೇಸರವಿಲ್ಲ. 404 ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುವ ಸರ್ವರ್ ಮೇಲೆ ಗೌರವವೇ ಇದೆ. ಮೈ ಉರಿಯುವುದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೂಂ ಅನ್ನದೆ, ಊಹೂಂ ಅನ್ನದೆ ಕೂರಿಸುವ ಸರ್ವರ್ ಕಂಡಾಗ. ಪರದೆಯ ನಡುವೆ ಚಕ್ರ ತಿರುಗುತ್ತಿರುತ್ತದೆ. ಬೆನ್ನ ಹಿಂದೆ ಮ್ಯಾನೇಜರ್, "ಇನ್ನೂ ಬರ್ತಾ ಇದೆಯೇನ್ರೀ?" ಅನ್ನುತ್ತಾರೆ. ಬರ್ತಾ ಇದೆಯೋ ಇಲ್ಲವೋ ಗೊತ್ತಿದ್ದರೆ ನಾನೇಕೆ ಹೀಗಿರುತ್ತಿದ್ದೆ!

ಸರ್ವರ್‌ನಿಂದ ಫೈಲ್ ತರಿಸುವ ಜಾವಾಸ್ಕ್ರಿಪ್ಟ್‌ನ ಫೆಚ್‌ಗೆ ಕಾಯುವುದರಲ್ಲಿ ಬೇಸರವೆಂಬುದಿಲ್ಲ. ಗಡುವು ನಾವೇ ಹಾಕಬೇಕು. ಬ್ರೌಸರ್ ತಾನಾಗಿ ಕೈಚೆಲ್ಲುವ ಹೊತ್ತಿಗೆ ಬಳಕೆದಾರ ಇನ್ನೊಂದು ಟ್ಯಾಬಿನಲ್ಲಿ ಸುಖವಾಗಿರುತ್ತಾನೆ. ಅದೇ ಕೆಲಸ ಮಾಡುವ, ಫೆಚ್‌ಗಿಂತ ಹಳೆಯದಾದ ಎಕ್ಸ್‌ಎಚ್‌ಆರ್‌ಗೆ (ಪೂರ್ತಿ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಫೈಲೇ ಬಂದುಬಿಡಬಹುದು) ಟೈಮ್‌ಔಟ್ ಅಂತ ಒಂದಿದೆ, ಲೆಕ್ಕ ಮಿಲಿಸೆಕೆಂಡಿನಲ್ಲಿ. ನಾವು ಮುಟ್ಟದಿದ್ದರೆ ಅದರಲ್ಲಿ 0 ಇರುತ್ತದೆ. ಸೊನ್ನೆ ಅಂದರೆ ಕಾಯಲೇಬೇಡ ಅಂತಲ್ಲ, ಎಷ್ಟು ಹೊತ್ತಾದರೂ ಕಾಯಿ ಅಂತ!

ನಮ್ಮ ತಂಡದ ಹುಡುಗ, ಎರಡು ಕೆಲಸಗಳನ್ನು ಓಟಕ್ಕೆ ಬಿಡುವ ಪ್ರಾಮಿಸ್.ರೇಸ್ ಹಿಡಿದುಕೊಂಡು ಬಂದ. ಒಂದು ಕಡೆ ಫೆಚ್, ಇನ್ನೊಂದು ಕಡೆ 5 ಸೆಕೆಂಡಿನ ಗಡಿಯಾರ. ಯಾರು ಮೊದಲೋ ಅವರದ್ದೇ ಗೆಲುವು. ತೊಂದರೆಯೇನೆಂದರೆ ಸೋತ ಫೆಚ್ ಮೈದಾನ ಬಿಡುವುದಿಲ್ಲ, ಯಾರೂ ನೋಡದಿದ್ದರೂ ಓಡುತ್ತಲೇ ಇರುತ್ತದೆ. ಅಬಾರ್ಟ್‌ಸಿಗ್ನಲ್.ಟೈಮ್‌ಔಟ್(5000) ಅಂತ, 5 ಸೆಕೆಂಡಾದರೆ ನಿಲ್ಲು ಅನ್ನುವ ಸಿಗ್ನಲ್ ಕೊಟ್ಟರೆ ಅದು ನಿಜಕ್ಕೂ ನಿಲ್ಲುತ್ತದೆ. ಬಳಕೆದಾರನೇ ರದ್ದು ಮಾಡಿದರೆ ಅಬಾರ್ಟ್‌ಎರರ್, ಗಡುವು ಮೀರಿದರೆ ಟೈಮ್‌ಔಟ್‌ಎರರ್. ಯಾರ ತಪ್ಪು ಅನ್ನುವುದಕ್ಕೆ ದಾಖಲೆಯೂ ಸಿಕ್ಕಿತು ಅಂತ ಹುಡುಗ ಹಿಗ್ಗಿದ.

ಆದರೆ ಪುಟಕ್ಕೆ ಕೋಡ್ ಫೈಲ್ ಸೇರಿಸುವ ಸ್ಕ್ರಿಪ್ಟ್ ಟ್ಯಾಗ್‌ಗೆ ಈ ಸಿಗ್ನಲ್ ಹಾಕಲು ಜಾಗವೇ ಇಲ್ಲ. ಬಂದರೆ ಆನ್‌ಲೋಡ್, ಕೆಟ್ಟರೆ ಆನ್‌ಎರರ್, ತಡವಾದರೆ ಮೌನ. ತಾರೀಖು ಆರಿಸುವ ಕ್ಯಾಲೆಂಡರ್ ಹೊರಗಿನ ಸರ್ವರ್‌ನಿಂದ ಬರಬೇಕಿತ್ತು. 5 ಸೆಕೆಂಡಾದರೂ ಪತ್ತೆಯಿಲ್ಲ ಅಂತ ಹುಡುಗನ ಕೋಡ್ ಆ ಟ್ಯಾಗನ್ನೇ ಕಿತ್ತೆಸೆದು, ಬೇರೊಂದು ಸರ್ವರ್‌ನಿಂದ ಅದೇ ಕ್ಯಾಲೆಂಡರ್ ತರಿಸುತ್ತಿತ್ತು. ಟ್ಯಾಗ್ ಕಿತ್ತರೂ ಹೊರಟ ಸ್ಕ್ರಿಪ್ಟ್ ವಾಪಸ್ ಹೋಗುವುದಿಲ್ಲ ಮಾರಾಯ್ರೆ! ನಿಧಾನಕ್ಕೆ ಬಂದು, ತನ್ನನ್ನು ಕಿತ್ತದ್ದೇ ಗೊತ್ತಿಲ್ಲದವರಂತೆ ಕೆಲಸ ಶುರುಮಾಡಿತು. ಪುಟದ ಮೇಲೆ ಎರಡು ಕ್ಯಾಲೆಂಡರ್, ಒಂದರ ಮೇಲೊಂದು.

ಮ್ಯಾನೇಜರ್ ಕನ್ನಡಕ ಸರಿಮಾಡಿಕೊಂಡರು. "ಮೊದಲು ಬಂದದ್ದನ್ನ ಇಟ್ಕೊಂಡು ಇನ್ನೊಂದನ್ನ ತೆಗೀರಿ, ಅಷ್ಟೇ ತಾನೆ?"

ಹುಡುಗ ಪುಟವನ್ನು ಮತ್ತೊಮ್ಮೆ ಲೋಡ್ ಮಾಡಿ ನೋಡಿದ. "ಸಾರ್, ಈ ಸಲ ಮೊದಲು ಬಂದದ್ದು ಇನ್ನೊಂದು."